ಆ ಕಲ್ಲನ್ನು ಬಿಸಾಡಬೇಡ

ಕಾಪುವಿನಲ್ಲಿರುವ ತಂಗಿಯ ಮಗಳಿಗೆ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಮಗಳ ಸ್ಕ್ಯಾನಿಂಗ್ ರಿಪೋರ್ಟ್ ಎರಡು ಸಲ ಓದಿದೆ. ಎಡಗಡೆಯ ಮೂತ್ರನಾಳ ಮೂತ್ರಕೋಶಕ್ಕೆ ಸೇರುವಲ್ಲಿ 4 ಮಿಲಿಮೀಟರಿನ ಕಲ್ಲು. "ಆರು ವರ್ಷದ ಮಗುವಿಗೂ ಕಲ್ಲಾಗುವುದುಂಟಾ ದೊಡ್ಡಮ್ಮ?" ಎಂದು ಕೇಳಿದ್ದೀಯ. ಉಂಟು ಮಾರಾಯ್ತಿ. ಅಶ್ಮರಿ, ಅಂದರೆ ಈ ಮೂತ್ರದ ಕಲ್ಲು, ಹೆಚ್ಚಾಗಿ ಮಕ್ಕಳಲ್ಲೇ ಕಾಣುತ್ತದೆಂದು ಸುಶ್ರುತನ ಕಾಲದಲ್ಲೇ ಬರೆದಿಟ್ಟಿದ್ದಾರೆ.

ಕಾರ್ಕಳದಲ್ಲಿ ಮಕ್ಕಳ ಡಾಕ್ಟರಾಗಿ ಕೂತ ಹೊಸತರಲ್ಲಿ ನಾನೇ ಹೊಟ್ಟೆನೋವೆಂದು ಬಂದ ಒಬ್ಬ ಹುಡುಗನಿಗೆ ಹುಳದ ಔಷಧ ಕೊಟ್ಟು ಕೊಟ್ಟು ಕಳಿಸುತ್ತಿದ್ದೆ. ದೊಡ್ಡವರ ಹಾಗೆ ಸೊಂಟ ಹಿಡಿದು ಒದ್ದಾಡುವುದು ಸಣ್ಣ ಮಕ್ಕಳಲ್ಲಿ ಕಡಿಮೆ. ಎಲ್ಲಿ ನೋವು ಎಂದರೆ ಹೊಕ್ಕುಳ ತೋರಿಸುತ್ತವೆ. ಇವನೂ ಅದನ್ನೇ ತೋರಿಸಿದ. ಒಂದು ದಿನ ಅವನ ತಾಯಿ, ಹಾಲು ಹಾಕದ ಚಹಾದ ಬಣ್ಣದ ಮೂತ್ರವನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಏನೂ ಮಾತಾಡಲಿಲ್ಲ. ಆಮೇಲೆ ಹೊಟ್ಟೆನೋವಿನ ಮಗು ಬಂದರೆ ಮೂತ್ರ ಪರೀಕ್ಷೆ ಮಾಡಿಸದೆ ನಾನು ಚೀಟಿ ಬರೆದವಳಲ್ಲ.

ನಿಮ್ಮ ಡಾಕ್ಟರು ಮೊದಲು ಅಲ್ಟ್ರಾಸೌಂಡ್ ಮಾಡಿಸಿದ್ದು ಸರಿ, ಅದರಲ್ಲಿ ವಿಕಿರಣವಿಲ್ಲ. ಸಿ.ಟಿ. ಬೇಕೇಬೇಕಾದರೆ ಮಾತ್ರ. ಇಷ್ಟು ಸಣ್ಣ ಕಲ್ಲು, ಅದೂ ಅಷ್ಟು ಕೆಳಗೆ ಇಳಿದದ್ದು, ನೋವಿನ ಔಷಧ ಮತ್ತು ನೀರಿನಲ್ಲೇ ಹೊರಗೆ ಬೀಳುವ ಸಾಧ್ಯತೆ ಹೆಚ್ಚು. ಬೀಳದಿದ್ದರೆ ಮೂತ್ರದ ದಾರಿಯಲ್ಲೇ ಸಪೂರ ದುರ್ಬೀನು ಹಾಕಿ ಲೇಸರಿನಿಂದ ಪುಡಿ ಮಾಡುತ್ತಾರೆ. ಕಿಡ್ನಿಯೊಳಗಿನ ಕಲ್ಲಿಗಾದರೆ 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಶುರುವಾದ, ಹೊರಗಿನಿಂದಲೇ ತರಂಗ ಬಿಟ್ಟು ಒಡೆಯುವ ವಿಧಾನವೂ ಉಂಟು. ಹೊಟ್ಟೆ ಕೊಯ್ಯುವುದು ಈಗ ಅಪರೂಪ. ಆದರೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ಕುಡಿದ ನೀರೂ ವಾಂತಿಯಾದರೆ ಬೆಳಗಾಗಲೆಂದು ಕಾಯಬೇಡ. ರಾತ್ರಿಯೇ ಮಣಿಪಾಲಕ್ಕೆ ಹೊರಡು. ದಾರಿ ಕಟ್ಟಿದ ಕಿಡ್ನಿಯಲ್ಲಿ ಸೋಂಕು ಸೇರಿದರೆ ಗಂಟೆಗಳ ಲೆಕ್ಕ.

ನಾನು ಬರೆಯಲು ಕೂತದ್ದು ಮುಖ್ಯವಾಗಿ ಮುಂದಿನ ಮಾತಿಗೆ. ಕಲ್ಲು ಹೋದರೆ ಸಾಕೆಂದು ಕೂರಬೇಡ, ಯಾಕೆ ಬಂತೆಂದು ಕೇಳು. ಮಗು ಪ್ರತಿಸಲವೂ ಮಗ್ಗಿನಲ್ಲಿ ಮೂತ್ರ ಮಾಡಲಿ, ನೀನು ತೆಳು ಬಟ್ಟೆಯಲ್ಲಿ ಸೋಸು. ನುಚ್ಚಕ್ಕಿಯಂಥ ಕಂದು ಚೂರು ಸಿಕ್ಕೀತು. ತೊಳೆದು ಒಣಗಿಸಿ ಡಬ್ಬಿಯಲ್ಲಿಡು, ಪರೀಕ್ಷೆಗೆ ಬೇಕು. ಜೊತೆಗೆ ರಕ್ತ, 24 ಗಂಟೆಯ ಮೂತ್ರ. ಕೆಲವು ಮಕ್ಕಳ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ, ಕೆಲವರಲ್ಲಿ ಕಲ್ಲು ತಡೆಯುವ ಸಿಟ್ರೇಟ್ ಕಡಿಮೆ. ಸಿಸ್ಟೀನಿನ ಕಲ್ಲು, ಆಕ್ಸಲೇಟ್ ಮಿತಿಮೀರುವ ಒಂದು ಕಾಯಿಲೆ, ಇವೆಲ್ಲ ವಂಶದಲ್ಲಿ ಬರುವಂಥವು. ನೀವಿಬ್ಬರೂ ಸಂಬಂಧದೊಳಗೇ ಮದುವೆಯಾದವರು. ಡಾಕ್ಟರಲ್ಲಿ ಅದನ್ನು ಹೇಳಲು ನಾಚಬೇಡ.

ನಿನ್ನ ಅತ್ತೆ ಹಾಲು ನಿಲ್ಲಿಸಿದ್ದಾರಂತೆ. ಡಾಕ್ಟರು ಬೇಡವೆನ್ನದಿದ್ದರೆ ಇವತ್ತೇ ಪುನಃ ಕೊಡು. ಊಟದಲ್ಲಿರುವ ಕ್ಯಾಲ್ಸಿಯಂ ಕಲ್ಲು ಕಟ್ಟುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ನಿಲ್ಲಿಸಬೇಕಾದದ್ದು ಪ್ಯಾಕೆಟಿನ ಚಿಪ್ಸ್, ಹಪ್ಪಳ, ಉಪ್ಪಿನಕಾಯಿ, ಒಣಮೀನು. ಉಪ್ಪು ಹೆಚ್ಚಾದಷ್ಟೂ ಮೂತ್ರಕ್ಕೆ ಕ್ಯಾಲ್ಸಿಯಂ ಹೆಚ್ಚು. ಆಕ್ಸಲೇಟ್ ಇರುವ ಬಸಳೆ, ಪತ್ರೊಡೆ ರಿಪೋರ್ಟ್ ಬರುವವರೆಗೆ ಸ್ವಲ್ಪ ದೂರ ಇರಲಿ. ಬಾಳೆದಿಂಡಿನ ಪಲ್ಯ ತಿನ್ನಲಿ, ಔಷಧವೆಂದು ಮಾತ್ರ ಲೆಕ್ಕ ಹಾಕಬೇಡ. ಬಿಂಬುಳಿಯ ರಸ ಯಾರೇ ಹೇಳಿದರೂ ಬೇಡ. ಅದರಲ್ಲಿ ಆಕ್ಸಲೇಟೇ ತುಂಬಿದೆ, ಕೇರಳದಲ್ಲಿ ಅದನ್ನು ಕುಡಿದು ಕಿಡ್ನಿ ಕೆಟ್ಟವರಿದ್ದಾರೆ.

ಮತ್ತೆ, ಮಗಳ ನೀರಿನ ಬಾಟಲಿ ಸಂಜೆ ತುಂಬಿದ ಹಾಗೆಯೇ ಮನೆಗೆ ಬರುತ್ತದೆಂದು ನೀನೇ ಹೇಳಿದ್ದೆ. ಶಾಲೆಯ ಶೌಚಾಲಯಕ್ಕೆ ಹೋಗಲು ಅಸಹ್ಯವಾಗಿ ನೀರೇ ಕುಡಿಯದ ಹುಡುಗಿಯರನ್ನು ನಾನು ತುಂಬ ನೋಡಿದ್ದೇನೆ. ಗದರಿಸಬೇಡ, ಮೊದಲು ಟೀಚರಲ್ಲಿ ಮಾತಾಡು.

ಗುರುವಾರ ಹಿರಿಯಡ್ಕದ ಬಸ್ಸಿನಲ್ಲಿ ಮಣಿಪಾಲಕ್ಕೆ ಬರುತ್ತೇನೆ, ಟೈಗರ್ ಸರ್ಕಲಿನಲ್ಲಿ ಇಳಿದು ನಿಂತಿರುತ್ತೇನೆ. ಕಲ್ಲು ಸಿಕ್ಕಿದ್ದರೆ ಡಬ್ಬಿ ತಾ. ಸಿಗದಿದ್ದರೂ ಮಗುವನ್ನು ಕರೆದುಕೊಂಡು ಬಾ.

ನಿನ್ನ ದೊಡ್ಡಮ್ಮ