ಸದನಕ್ಕೆ ಸುಳ್ಳು ಉತ್ತರ ಹೋದಾಗ: ಒಂದು ಪ್ರಕರಣಾಧಾರಿತ ಪಾಠ

‘ಕಾರ್ಯಾಂಗದ ಮೇಲೆ ಶಾಸಕಾಂಗದ ನಿಯಂತ್ರಣ’ವನ್ನು ಬೋಧನಾಭ್ಯಾಸಕ್ಕೆ ಆಯ್ದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಪ್ರಶ್ನೋತ್ತರ ವೇಳೆ, ನಿಲುವಳಿ ಸೂಚನೆ, ಅವಿಶ್ವಾಸ ನಿರ್ಣಯ ಎಂದು ಕಪ್ಪುಹಲಗೆಯ ಮೇಲೆ ಬರೆದು ಪಾಠ ಮುಗಿಸುತ್ತಾರೆ. ಸರ್ಕಾರ ಕೊಟ್ಟ ಉತ್ತರವೇ ತಪ್ಪಾಗಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಅದನ್ನು ಎಬ್ಬಿಸಲು ಅಮೆರಿಕದ ‘ಫಾಸ್ಟ್ ಅಂಡ್ ಫ್ಯೂರಿಯಸ್’ ಕಾರ್ಯಾಚರಣೆಯ ವಿವಾದ ಚೆನ್ನಾಗಿ ಒದಗುತ್ತದೆ. ನಮ್ಮ ಪಕ್ಷಗಳು ಅದರಲ್ಲಿ ಇಲ್ಲದಿರುವುದೂ ಒಂದು ಅನುಕೂಲ.

ಪೂರ್ವಜ್ಞಾನವಾಗಿ ಒಂದು ಅಂಶ ಬೇಕು. ಅಲ್ಲಿ ಮಂತ್ರಿಗಳು ಕಾಂಗ್ರೆಸ್ಸಿನ ಸದಸ್ಯರಲ್ಲ. ಸದನದಲ್ಲಿ ಎದ್ದು ಉತ್ತರಿಸುವುದಿಲ್ಲ. ಸಮಿತಿಗಳು ಅವರನ್ನು ಕರೆಸುತ್ತವೆ, ಕಡತ ಕೇಳಿ ಸಮನ್ಸ್ ಹೊರಡಿಸುತ್ತವೆ.

ಇನ್ನು ಪ್ರಕರಣ. ನ್ಯಾಯ ಇಲಾಖೆಗೆ ಸೇರಿದ, ಬಂದೂಕು ಕಾನೂನುಗಳನ್ನು ನೋಡಿಕೊಳ್ಳುವ ಎ.ಟಿ.ಎಫ್. ಸಂಸ್ಥೆಯ ಫೀನಿಕ್ಸ್ ಕಚೇರಿ 2009ರ ಕೊನೆಯಲ್ಲಿ ಇದನ್ನು ಆರಂಭಿಸಿತು. ಬೇನಾಮಿ ಖರೀದಿದಾರರು ಅರಿಜೋನಾದ ಅಂಗಡಿಗಳಲ್ಲಿ ಬಂದೂಕು ಕೊಂಡು ಮೆಕ್ಸಿಕೋದ ಮಾದಕವಸ್ತು ಜಾಲಗಳಿಗೆ ಸಾಗಿಸುತ್ತಿದ್ದರು. ಅವರನ್ನು ಅಲ್ಲೇ ಹಿಡಿಯದೆ, ಜಾಲದ ಮೇಲಿನವರವರೆಗೆ ತಲುಪೋಣ ಎಂಬುದು ಲೆಕ್ಕ. ಸುಮಾರು 2,000 ಬಂದೂಕುಗಳು ಹೀಗೆ ಮಾರಾಟವಾದವು, ಹೆಚ್ಚಿನವು ಕೈತಪ್ಪಿದವು. 2010ರ ಡಿಸೆಂಬರಿನಲ್ಲಿ ಗಡಿ ಕಾವಲು ಪಡೆಯ ಬ್ರಯಾನ್ ಟೆರ್ರಿ ಗುಂಡಿಗೆ ಬಲಿಯಾದ ಸ್ಥಳದಲ್ಲಿ ಅವುಗಳಲ್ಲಿ ಎರಡು ಸಿಕ್ಕವು. ‘ಆ ಬಂದೂಕಿನಿಂದಲೇ ಸತ್ತರು’ ಎಂದು ಬೋಧಕರು ಹೇಳಿಬಿಡಬಾರದು: ಗುಂಡು ಯಾವುದರಿಂದ ಹಾರಿತೆಂಬುದು ಪರೀಕ್ಷೆಯಲ್ಲಿ ಖಚಿತವಾಗಲಿಲ್ಲ. ಮೆಕ್ಸಿಕೋದ ಅಪರಾಧ ಸ್ಥಳಗಳಲ್ಲೂ ಈ ಬಂದೂಕುಗಳು ಸಿಕ್ಕಿವೆ. ಆ ಮಾತು ವಾಷಿಂಗ್ಟನ್ನಿನ ಗದ್ದಲದಲ್ಲಿ ಮುಳುಗಿತು, ತರಗತಿಯಲ್ಲಾದರೂ ಮುಳುಗಬಾರದು.

ಪಾಠದ ತಿರುಳು ಎರಡು ದಿನಾಂಕಗಳಲ್ಲಿದೆ. ಎ.ಟಿ.ಎಫ್.ನ ಒಳಗಿನವರೇ ಕೊಟ್ಟ ಮಾಹಿತಿಯ ಮೇಲೆ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ವಿವರಣೆ ಕೇಳಿದರು. 2011ರ ಫೆಬ್ರವರಿ 4ರಂದು ನ್ಯಾಯ ಇಲಾಖೆ ಪತ್ರ ಬರೆದು ಆರೋಪ ಸುಳ್ಳೆಂದಿತು. ಅದೇ ವರ್ಷ ಡಿಸೆಂಬರ್ 2ರಂದು, ಪತ್ರದಲ್ಲಿ ತಪ್ಪು ಮಾಹಿತಿ ಇತ್ತೆಂದು ಅದನ್ನು ಹಿಂತೆಗೆದುಕೊಂಡಿತು. ಇವೆರಡನ್ನು ಕಪ್ಪುಹಲಗೆಯ ಎರಡು ತುದಿಗೆ ಬರೆದು, ನಡುವಿನ ಹತ್ತು ತಿಂಗಳನ್ನು ಖಾಲಿ ಬಿಡಿ. ‘ಈ ಅವಧಿಯಲ್ಲಿ ಯಾರಿಗೆ, ಯಾವಾಗ, ಏನು ಗೊತ್ತಿತ್ತು?’ ಎಂದು ವಿದ್ಯಾರ್ಥಿಗಳೇ ಕೇಳಲಿ. ಸಮಿತಿ ಕೇಳಿದ್ದೂ ಅದನ್ನೇ. ವಿವಾದ ಬಂದೂಕಿನಿಂದ ಕಡತದ ಕಡೆಗೆ ಹೊರಳಿದ್ದು ಇಲ್ಲಿ.

ಕಡತಗಳಿಗೆ ಅಧ್ಯಕ್ಷ ಒಬಾಮ ಕಾರ್ಯಾಂಗದ ವಿಶೇಷಾಧಿಕಾರದ ರಕ್ಷಣೆ ಕೊಟ್ಟರು. 2012ರ ಜೂನ್ 28ರಂದು ಪ್ರತಿನಿಧಿ ಸಭೆ ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಅವರನ್ನು 255–67 ಮತಗಳಿಂದ ಸದನ ನಿಂದನೆಗೆ ಗುರಿಮಾಡಿತು. ಅಧಿಕಾರದಲ್ಲಿದ್ದ ಸಂಪುಟ ಸದಸ್ಯರೊಬ್ಬರಿಗೆ ಹೀಗಾದದ್ದು ಅದೇ ಮೊದಲು. ಡೆಮಾಕ್ರಟಿಕ್ ಪಕ್ಷದ ಹಲವರು ಸಭಾತ್ಯಾಗ ಮಾಡಿದರು. 17 ಮಂದಿ ನಿರ್ಣಯದ ಪರ ಮತ ಹಾಕಿದರು.

ಇಲ್ಲಿಗೆ ನಿಲ್ಲಿಸಿದರೆ ಪಾಠ ಒಂದು ಪಕ್ಷದ ಕರಪತ್ರವಾಗುತ್ತದೆ. ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯನ್ನೂ ಮುಂದಿಡಬೇಕು: 14 ಅಧಿಕಾರಿಗಳ ವಿರುದ್ಧ ಶಿಸ್ತುಕ್ರಮ ಪರಿಶೀಲಿಸಲು ಅದು ಹೇಳಿತು, 2011ಕ್ಕೆ ಮೊದಲೇ ಹೋಲ್ಡರ್‌ಗೆ ತಿಳಿದಿತ್ತೆಂಬುದಕ್ಕೆ ಪುರಾವೆ ಕಾಣಲಿಲ್ಲ ಎಂದಿತು. ಬುಷ್ ಆಡಳಿತದಲ್ಲಿ, 2006–07ರಲ್ಲೇ, ‘ವೈಡ್ ರಿಸೀವರ್’ ಹೆಸರಿನಲ್ಲಿ ಇಂಥದೇ ತಂತ್ರ ನಡೆದಿದ್ದನ್ನೂ ಅದು ದಾಖಲಿಸಿತು.

ಮೌಲ್ಯಮಾಪನಕ್ಕೆ ‘ತಪ್ಪು ಯಾರದು?’ ಎಂದು ಕೇಳಬೇಡಿ, ಗದ್ದಲವಷ್ಟೇ ಉಳಿಯುತ್ತದೆ. ಮೂರು ವಾಕ್ಯ ಕೊಡಿ: ‘ಪತ್ರದಲ್ಲಿ ತಪ್ಪು ಮಾಹಿತಿ ಇತ್ತು’, ‘ಬೇಕೆಂದೇ ಸುಳ್ಳು ಹೇಳಲಾಯಿತು’, ‘ಮಂತ್ರಿ ರಾಜೀನಾಮೆ ಕೊಡಬೇಕಿತ್ತು’. ಯಾವುದು ಸಂಗತಿ, ಯಾವುದು ಆರೋಪ, ಯಾವುದು ಅಭಿಪ್ರಾಯ ಎಂದು ಬಿಡಿಸಿ ಕಾರಣ ಬರೆಯಲಿ. ಎರಡನೆಯದರ ಮೇಲೆ ವಾದ ಎದ್ದರೆ ವೀಕ್ಷಕರು ಅದನ್ನು ಅಶಿಸ್ತೆಂದು ಗುರುತು ಹಾಕದಿರಲಿ.