ಬ್ರೇಕ್ ಡಿಸ್ಕ್ ಬೇಗ ತುಕ್ಕು ಹಿಡಿದರೆ: ಹಳೆ ಡಿಸ್ಕನ್ನು ಗುಜರಿಗೆ ಕೊಡಬೇಡಿ

ಮಂಗಳೂರಿನಿಂದ ತುಮಕೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ ದಾಟಿ, ಬೇಲೂರು, ಹಳೇಬೀಡು, ಬಾಣಾವರದ ಮೇಲೆ ಅರಸೀಕೆರೆ ಸೇರುತ್ತದೆ. ಪಿಕಪ್ ಗಾಡಿಯ ಬ್ರೇಕನ್ನು ಕಾಡುವ ಎಲ್ಲವೂ ಈ ಒಂದು ರಸ್ತೆಯಲ್ಲೇ ಇವೆ: ಕರಾವಳಿಯ ಉಪ್ಪುಗಾಳಿ, ಘಾಟಿಯ ಇಳಿಜಾರು, ಬೇಲೂರು ಸೀಮೆಯ ಮಳೆಗಾಲ, ಅರಸೀಕೆರೆ ಬಯಲಿನ ದೂಳು. ಕೊಬ್ಬರಿ, ಶುಂಠಿ, ತರಕಾರಿ ಹೇರಿಕೊಂಡು ಓಡಾಡುವ ಗಾಡಿಯ ಮುಂದಿನ ಡಿಸ್ಕ್ ಅವಧಿಗೆ ಮುಂಚೆಯೇ ತುಕ್ಕು ಹಿಡಿದು ಸವೆದಾಗ ಸರ್ವಿಸ್ ಸೆಂಟರಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. "ಡಿಸ್ಕು, ಪ್ಯಾಡು ಸವೆಯೋ ಐಟಂ, ವಾರಂಟಿ ಬರಲ್ಲ. ನೀವು ಘಾಟಿ ಬೇರೆ ಓಡಿಸ್ತೀರಿ." ಮಾಲೀಕರು ಕೈಯಿಂದ ಹಣ ಕೊಟ್ಟು ಹೊಸ ಡಿಸ್ಕ್ ಹಾಕಿಸಿಕೊಳ್ಳುತ್ತಾರೆ. ಹಳೆಯದು ಅಲ್ಲೇ ಗುಜರಿ ರಾಶಿಗೆ ಬೀಳುತ್ತದೆ. ಗೆಲ್ಲಬಹುದಾಗಿದ್ದ ದಾವೆಯೊಂದು ಕೈತಪ್ಪುವುದು ಆ ಗಳಿಗೆಯಲ್ಲೇ.

ಮೊದಲು ಯಾವ ತುಕ್ಕು ದೋಷ, ಯಾವುದು ಅಲ್ಲ ಎಂಬುದು ತಿಳಿದಿರಬೇಕು. ಡಿಸ್ಕ್ ಮಾಡುವುದು ಬೀಡು ಕಬ್ಬಿಣದಿಂದ. ರಾತ್ರಿ ಮಳೆಯಲ್ಲಿ ನಿಂತ ಗಾಡಿಯ ಡಿಸ್ಕಿನ ಮೇಲೆ ಬೆಳಿಗ್ಗೆ ಕಿತ್ತಳೆ ಬಣ್ಣದ ತೆಳು ಪೊರೆ ಕಂಡರೆ ಗಾಬರಿ ಬೇಡ, ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಪ್ಯಾಡ್ ಉಜ್ಜಿ ಅದು ಹೋಗುತ್ತದೆ. ಇದಕ್ಕಾಗಿ ದೂರು ಕೊಟ್ಟರೆ ನಿಲ್ಲುವುದಿಲ್ಲ. ಆದರೆ ಉಜ್ಜುವ ಮೈಯಲ್ಲೇ ಗುಳಿ ಬೀಳುವುದು, ಅಂಚು ಪದರ ಪದರವಾಗಿ ಏಳುವುದು, ಒಂದೇ ಬದಿ ಸವೆಯುವುದು, ಬ್ರೇಕ್ ಒತ್ತಿದಾಗ ಪೆಡಲ್ ಮಿಡಿಯುವುದು, ಸ್ಟೀರಿಂಗ್ ಅದುರುವುದು ಬೇರೆ ಮಾತು. ಲೋಹದ ಗುಣಮಟ್ಟ ಸರಿಯಿಲ್ಲದಿರಬಹುದು, ಕ್ಯಾಲಿಪರ್ ಜಾಮ್ ಆಗಿ ಪ್ಯಾಡ್ ಸದಾ ಒತ್ತಿ ಹಿಡಿದಿರಬಹುದು, ಪ್ಯಾಡಿನ ಮಿಶ್ರಣವೇ ಒರಟಾಗಿರಬಹುದು. ಡಿಸ್ಕ್ ಎಷ್ಟು ತೆಳುವಾಗುವವರೆಗೆ ಬಳಸಬಹುದು ಎಂಬ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಮಿಲಿಮೀಟರಿನಲ್ಲಿ ಅಚ್ಚು ಹಾಕಿರುತ್ತಾರೆ. ಎಷ್ಟು ಕಿಲೋಮೀಟರಿಗೆ ಆ ಮಟ್ಟ ತಲುಪಿತು ಎಂಬುದೇ ನಿಮ್ಮ ದೂರಿನ ಬೆನ್ನೆಲುಬು.

ಗ್ರಾಹಕರ ಸಂರಕ್ಷಣಾ ಕಾಯ್ದೆ 2019, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದೋಷವೆಂದರೆ ಕಾನೂನಿನಿಂದಲೋ ಕರಾರಿನಿಂದಲೋ ಇರಬೇಕಾದ ಗುಣಮಟ್ಟದಲ್ಲಿ ಯಾವುದೇ ಕೊರತೆ. ಕರಾರಿನ ಮಾತು ಬಾಯಿಬಿಟ್ಟು ಹೇಳಿದ್ದೇ ಆಗಬೇಕೆಂದಿಲ್ಲ, ಸೂಚ್ಯವಾಗಿದ್ದರೂ ಸಾಕು. ಸರಕು ಹೇರುವ ಗಾಡಿಯೆಂದು ಮಾರಿದವರು ಅದರ ಬ್ರೇಕು ಸರಕಿನ ಭಾರಕ್ಕೆ, ನಮ್ಮ ಮಳೆಗೆ, ನಮ್ಮ ಇಳಿಜಾರಿಗೆ ತಾಳುತ್ತದೆ ಎಂದೂ ಒಪ್ಪಿಕೊಂಡಂತೆಯೇ. ಹಾಗಾಗಿ ವಾರಂಟಿ ಪುಸ್ತಕದಲ್ಲಿ "ಸವೆಯುವ ಭಾಗಗಳಿಗೆ ಅನ್ವಯಿಸದು" ಎಂದಿದ್ದರೆ ಅದು ಸಹಜ ಸವಕಳಿಗೆ ಮಾತ್ರ. ತಯಾರಿಕೆಯ ದೋಷವನ್ನು ಆ ಒಂದು ಸಾಲಿನ ಹಿಂದೆ ಮುಚ್ಚಿಡಲು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಕಡೆಯ ಬಹಳಷ್ಟು ಜನ ಹಿಂಜರಿಯುವುದು ಇನ್ನೊಂದು ಕಾರಣಕ್ಕೆ. "ನಮ್ಮದು ಯೆಲ್ಲೋ ಬೋರ್ಡ್, ಬಾಡಿಗೆ ಗಾಡಿ, ಗ್ರಾಹಕ ಕಾಯ್ದೆ ನಮಗಿಲ್ಲ" ಎನ್ನುತ್ತಾರೆ. ಇದು ಅರ್ಧ ಸತ್ಯ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳುವುದು ನಿಜ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕೆಂದೇ ಕೊಂಡವರನ್ನು ಅದೇ ಕಲಂ ಗ್ರಾಹಕರೆಂದು ಒಪ್ಪುತ್ತದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆಟೊ, ಲಾರಿಗಳ ಉದಾಹರಣೆಯನ್ನೇ ಕೊಟ್ಟು ಇದನ್ನು ಬಿಡಿಸಿ ಹೇಳಿದೆ. ಬಾಡಿಗೆಗೆ ಓಡಿಸಲು ಲಾರಿ ಕೊಂಡು ತಾನೇ ಓಡಿಸುವವನು ಗ್ರಾಹಕ, ಪೂರ್ತಿಯಾಗಿ ಬೇರೆಯವರ ಕೈಲೇ ಓಡಿಸಲು ಕೊಂಡವನು ಅಲ್ಲ. ಒಂದಿಬ್ಬರ ನೆರವು ಪಡೆದರೆ ಅಥವಾ ಮನೆಯವರು ಕೈಜೋಡಿಸಿದರೆ ಹಕ್ಕು ಹೋಗುವುದಿಲ್ಲ. ಆದ್ದರಿಂದ ದೂರಿನಲ್ಲಿ "ಈ ವಾಹನವನ್ನು ನಾನೇ ಚಲಾಯಿಸಿ, ಅದರ ದುಡಿಮೆಯಿಂದಲೇ ಕುಟುಂಬ ಸಾಕುತ್ತಿದ್ದೇನೆ" ಎಂಬ ಮಾತು ಸ್ಪಷ್ಟವಾಗಿ ಇರಲೇಬೇಕು. ಚಾಲನಾ ಪರವಾನಗಿಯ ಪ್ರತಿ, ಸಾಲದ ಕಂತು ಕಟ್ಟಿದ ದಾಖಲೆ ಜೊತೆಗಿಡಿ. ನಾಲ್ಕಾರು ಪಿಕಪ್ ಇಟ್ಟು, ಎಲ್ಲಕ್ಕೂ ಚಾಲಕರನ್ನು ನೇಮಿಸಿದವರಿಗೆ ಈ ದಾರಿ ಕಷ್ಟ.

ಇನ್ನು ಸಾಕ್ಷ್ಯ. ದೋಷವಿದೆ ಎಂದು ತೋರಿಸಬೇಕಾದ ಹೊಣೆ ದೂರುದಾರರದು. ಬಹುಪಾಲು ದೂರುಗಳು ಸೋಲುವುದು ಇಲ್ಲಿಯೇ. ಗಾಡಿಯನ್ನು ಸರ್ವಿಸಿಗೆ ಬಿಟ್ಟ ಪ್ರತಿ ಸಲವೂ ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ: ಬ್ರೇಕ್ ಹಿಡಿದಾಗ ಅದುರುತ್ತದೆ, ಎಡಕ್ಕೆ ಎಳೆಯುತ್ತದೆ, ಡಿಸ್ಕಿನಲ್ಲಿ ಗುಳಿ ಬಿದ್ದಿದೆ. "ಜನರಲ್ ಚೆಕಪ್" ಎಂದು ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ಓಡಿದ ಕಿಲೋಮೀಟರ್, ಅಳೆದ ದಪ್ಪ ಎರಡೂ ಅದರಲ್ಲಿರಲಿ. ಡಿಸ್ಕ್ ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ ಫೋಟೊ ತೆಗೆಯಿರಿ. ಬದಲಾಯಿಸಿದರೆ ಹಳೆಯ ಡಿಸ್ಕು, ಪ್ಯಾಡುಗಳನ್ನು ಕೇಳಿ ಪಡೆದು, ಒರೆಸದೆ, ಲೇತಿಗೆ ಕೊಡದೆ, ಚೀಲದಲ್ಲಿ ಕಟ್ಟಿ ಒಣ ಜಾಗದಲ್ಲಿಡಿ. ಹಣ ಕೊಟ್ಟು ಬದಲಾಯಿಸಿದ ಭಾಗ ನಿಮ್ಮದು, ಕೇಳಲು ಸಂಕೋಚ ಬೇಡ. ವಾರಂಟಿಯಲ್ಲಿ ಬದಲಾಯಿಸಿ ಹಳೆಯದನ್ನು ಅವರೇ ಇಟ್ಟುಕೊಂಡರೆ, ಇಟ್ಟುಕೊಂಡಿದ್ದೇವೆ ಎಂದು ಬರೆಸಿಕೊಳ್ಳಿ.

ಕಂಪನಿಯವರ ಮೊದಲ ವಾದ "ಓವರ್‌ಲೋಡ್" ಎಂದೇ ಇರುತ್ತದೆ. ಅದಕ್ಕೆ ಉತ್ತರ ವೇ ಬ್ರಿಡ್ಜ್ ಚೀಟಿ. ಅರಸೀಕೆರೆ ಎಪಿಎಂಸಿಗೆ ಕೊಬ್ಬರಿ ಹೊಡೆಯುವವರು ತೂಕದ ಚೀಟಿಯನ್ನು ಮಾರಾಟವಾದ ಕೂಡಲೇ ಬಿಸಾಡುತ್ತಾರೆ. ಅದೇ ಚೀಟಿ ಮುಂದೆ ನಿಮ್ಮ ಪರ ಮಾತಾಡಬಲ್ಲದು. ಹೆಚ್ಚು ಭಾರಕ್ಕೆ ದಂಡ ಕಟ್ಟಿದ ಚಲನ್ ಇದ್ದರೆ ಅದೂ ಮಾತಾಡುತ್ತದೆ, ಎದುರುಪಕ್ಷದ ಪರವಾಗಿ.

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಡಿಸ್ಕ್ ಕೊಳ್ಳುವಾಗ ಬಿಲ್ ಬಿಡಬೇಡಿ. ಬಿಲ್ ಕೊಡದಿರುವುದೇ ಈಗಿನ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದೂ ಹಾಗೆಯೇ.

ಕಾಗದಪತ್ರ ಸೇರಿದ ಮೇಲೆ ಡೀಲರಿಗೂ ತಯಾರಕರಿಗೂ ಸ್ವೀಕೃತಿ ಸಿಗುವಂತೆ ಪತ್ರ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಕೆಲವು ಸಲ ಅಷ್ಟಕ್ಕೇ ಮಾತುಕತೆ ಕುದುರುತ್ತದೆ. ಕುದುರದಿದ್ದರೆ, ಅರಸೀಕೆರೆ, ಬೇಲೂರು ಕಡೆಯವರಿಗೆ ಹಾಸನದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಗಾಡಿಯನ್ನು ಬೆಂಗಳೂರಿನಲ್ಲೋ ತುಮಕೂರಿನಲ್ಲೋ ಕೊಂಡಿದ್ದರೂ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಲು 34ನೇ ಕಲಂ ಅವಕಾಶ ಕೊಟ್ಟಿದೆ. ಹಳೆಯ ಕಾಯ್ದೆಯಲ್ಲಿ ಈ ಸೌಲಭ್ಯ ಇರಲಿಲ್ಲ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಕಡ್ಡಾಯವಲ್ಲ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಗಡುವು 2 ವರ್ಷ, ದೂರಿನ ಕಾರಣ ಹುಟ್ಟಿದ ದಿನದಿಂದ. "ಮುಂದಿನ ತಿಂಗಳು ನೋಡೋಣ" ಎಂಬ ಬಾಯಿಮಾತು ನಂಬಿ ಅಲೆದರೆ ಈ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಲು ಕೇಳಬೇಕು, ಮನ್ನಿಸುವುದು ಆಯೋಗಕ್ಕೆ ಬಿಟ್ಟದ್ದು.

ನೋಟಿಸ್ ತಲುಪಿದ ಮೇಲೆ ಎದುರುಪಕ್ಷ 30 ದಿನದಲ್ಲಿ ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು, ಅದರಾಚೆಗೆ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಬರಿಗಣ್ಣಿಗೆ ತಿಳಿಯದ ದೋಷವಾದರೆ 38ನೇ ಕಲಮಿನಡಿ ಆಯೋಗ ಮಾದರಿಯನ್ನು ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ, ಪರೀಕ್ಷೆಯ ಶುಲ್ಕವನ್ನು ದೂರುದಾರರಿಂದ ಕಟ್ಟಿಸಿಕೊಳ್ಳಬಹುದು. ಚೀಲದಲ್ಲಿ ಕಟ್ಟಿಟ್ಟ ಡಿಸ್ಕಿಗೆ ಆಗ ಬೆಲೆ ಬರುತ್ತದೆ. ದೂರಿನೊಂದಿಗೇ ಈ ಪರೀಕ್ಷೆಗೆ ಅರ್ಜಿ ಹಾಕುವುದು ಲೇಸು. ಪರೀಕ್ಷೆ ಬೇಡದ ಪ್ರಕರಣ 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ಹೆಚ್ಚು ಹಿಡಿಯುತ್ತದೆ. ದಿನಗೂಲಿ ಬಿಟ್ಟು ಬರುವವರಿಗೆ ಈ ವಿಳಂಬವೇ ಒಂದು ಶಿಕ್ಷೆ.

ಏನು ಕೇಳಬೇಕು? ಡಿಸ್ಕ್ ಹಾಳಾಯಿತೆಂದು ಇಡೀ ಗಾಡಿ ಬದಲಿಸಿಕೊಡಿ ಎಂದರೆ ಸಿಗುವುದು ಅಪರೂಪ. ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬ್ಗೋತ್ರಾ ಪ್ರಕರಣದಲ್ಲಿ (2006) ವಾರಂಟಿ ಹೇಳುವುದು ಭಾಗ ಬದಲಾಯಿಸುವುದನ್ನಾದರೆ ಇಡೀ ವಾಹನ ಬದಲಿಸಲು ಆದೇಶಿಸಲಾಗದು ಎಂದು ಸುಪ್ರೀಂ ಕೋರ್ಟು ಹೇಳಿತು. ಆದ್ದರಿಂದ ಭಾಗದ ಬೆಲೆ, ಕೂಲಿ, ಗಾಡಿ ನಿಂತ ದಿನಗಳ ದುಡಿಮೆ ನಷ್ಟ, ಮನಃಕ್ಲೇಶ, ಖರ್ಚು ಇವನ್ನು ಲೆಕ್ಕ ಹಾಕಿ ಕೇಳಿ. ದೋಷ ಮೂಲದಲ್ಲೇ ಇದೆ, ಎಷ್ಟು ಸಲ ಸರಿಪಡಿಸಿದರೂ ಮರಳುತ್ತದೆ ಎಂಬುದನ್ನು ತಜ್ಞರು ಒಪ್ಪಿದರೆ ಕಥೆ ಬೇರೆ. ಸಿ.ಎನ್. ಅನಂತರಾಮ್ ಮತ್ತು ಫಿಯಟ್ ಇಂಡಿಯಾ ಪ್ರಕರಣದಲ್ಲಿ (2010) ಸ್ವತಂತ್ರ ತಜ್ಞರ ವರದಿಯಲ್ಲಿ ಮೂಲದೋಷ ಕಂಡರೆ ಹಣವನ್ನೇ ಮರಳಿಸಬೇಕೆಂದು ಕೋರ್ಟು ಆದೇಶಿಸಿತ್ತು.

ದೂರಿನಲ್ಲಿ ಡೀಲರ್, ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಡೀಲರ್ ಮಾಡಿದ ತಪ್ಪಿಗೆ ತಯಾರಕ ತಾನಾಗಿ ಹೊಣೆಯಾಗುವುದಿಲ್ಲ ಎಂದು 2021ರ ಟಾಟಾ ಮೋಟಾರ್ಸ್ ಮತ್ತು ಆಂಟೋನಿಯೊ ಪಾಲೊ ವಾಜ್ ತೀರ್ಪು ಹೇಳುತ್ತದೆ. ಆದ್ದರಿಂದ ಲೋಹದ ದೋಷ ಯಾರದು, ಸರ್ವಿಸ್ ಕೊರತೆ ಯಾರದು ಎಂದು ಬೇರೆ ಬೇರೆಯಾಗಿ ಬರೆಯಿರಿ. ಬ್ರೇಕ್ ವಿಫಲವಾಗಿ ಯಾರಿಗಾದರೂ ಗಾಯವಾಗಿದ್ದರೆ ಕಾಯ್ದೆಯ 6ನೇ ಅಧ್ಯಾಯದ ಉತ್ಪನ್ನ ಹೊಣೆಗಾರಿಕೆಯೂ ಅನ್ವಯಿಸುತ್ತದೆ.

ದೂರು ನಡೆಯುತ್ತಿದೆ ಎಂದು ಹಾಳಾದ ಡಿಸ್ಕಿನಲ್ಲೇ ಗಾಡಿ ಓಡಿಸುವುದು ಸಲ್ಲದು. ಅಪಾಯಕಾರಿ ದೋಷ ಗೊತ್ತಿದ್ದೂ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ 1,500 ರೂಪಾಯಿ ದಂಡ, ಅದರಿಂದ ಅಪಘಾತವಾದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಜಾಬ್ ಕಾರ್ಡಿನಲ್ಲಿ ನೀವೇ ಬರೆಸಿದ ದೂರು, ದೋಷ ನಿಮಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ದಾಖಲೆ ಮಾಡಿಕೊಂಡ ಮರುಗಳಿಗೆಯೇ ಡಿಸ್ಕ್ ಬದಲಾಯಿಸಿ, ಹಣವನ್ನು ಆಮೇಲೆ ಕೇಳೋಣ.

ಒಂದೇ ಮಾದರಿಯ ಹಲವು ಗಾಡಿಗಳಲ್ಲಿ ಇದೇ ತೊಂದರೆ ಕಂಡರೆ ಪ್ರತಿಯೊಬ್ಬ ಮಾಲೀಕರೂ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ದೂರು ದಾಖಲಿಸಬೇಕು. ನಿಗದಿತ ಪ್ರಮಾಣದ ಮಾಲೀಕರಿಂದ ದೂರು ಬಂದರೆ, ಜನರ ಜೀವಕ್ಕೆ ಅಪಾಯ ತರುವ ದೋಷವಿರುವ ವಾಹನಗಳನ್ನು ವಾಪಸು ಕರೆಸಿಕೊಳ್ಳುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಡಿ ಕೇಂದ್ರಕ್ಕಿದೆ. ಇದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, 7 ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತದೆ.

ಜಿಲ್ಲಾ ಆಯೋಗದ ಆದೇಶ ನಿಮಗೆ ವಿರುದ್ಧವಾದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಹಣ ಕೊಡಬೇಕೆಂದು ಆದೇಶವಾದ ಕಂಪನಿ ಮೇಲ್ಮನವಿ ಹಾಕಬೇಕಾದರೆ ಅರ್ಧ ಮೊತ್ತ ಠೇವಣಿ ಇಡಬೇಕು. ಬರೆದುಕೊಡುವವರಿಲ್ಲ ಎನ್ನುವವರು ಅರಸೀಕೆರೆ ಅಥವಾ ಬೇಲೂರಿನ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಹಳೇಬೀಡಿನವರಿಗೆ ಬೇಲೂರು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಗದಿತ ಆದಾಯ ಮಿತಿಯೊಳಗಿನವರಿಗೆ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.