ಪ್ರೊಸ್ಟೇಟ್ ಆಪರೇಷನ್ ನಂತರ: ಅದೇ ಕಷ್ಟ ದಾಟಿ ಬಂದವರ ಜೊತೆ ಮಾತಾಡಿ

ಪ್ರೊಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡವರು ಮತ್ತು ಅವರ ಮನೆಯವರು ಬರೆದ ಕೆಲವು ಪತ್ರಗಳಿಗೆ ಈ ಸಲ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಹೆಚ್ಚಿನವು ಮುಂಬಯಿಯ ಮಲಾಡಿನಿಂದ ಬಂದವು. ಕೇಳಿದ ಪ್ರಶ್ನೆಗಳು ಬೇರೆಬೇರೆಯಾದರೂ ಎಲ್ಲರ ಸಂಕಟ ಒಂದೇ: ಗಡ್ಡೆ ತೆಗೆದದ್ದಾಯಿತು, ಆಮೇಲಿನದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ. ಹಾಕಿಲ್ಲ.

ಪ್ರಶ್ನೆ: ನನಗೆ 66 ವರ್ಷ. ಮಲಾಡ್ ಪೂರ್ವದಲ್ಲಿ ಇದ್ದೇನೆ. ಎರಡು ತಿಂಗಳ ಹಿಂದೆ ರೋಬೋಟ್ ಮೂಲಕ ಪ್ರೊಸ್ಟೇಟ್ ತೆಗೆದರು. ಕ್ಯಾಥೆಟರ್ ತೆಗೆದಂದಿನಿಂದ ಮೂತ್ರ ಸೋರುತ್ತಿದೆ, ದಿನಕ್ಕೆ ನಾಲ್ಕು ಪ್ಯಾಡ್ ಬೇಕಾಗುತ್ತದೆ. ಭಜನೆಗೆ ಹೋಗುವುದನ್ನೂ ಬಿಟ್ಟಿದ್ದೇನೆ. ನಮ್ಮ ಸರ್ಜನ್ "ಇದೇ ಆಪರೇಷನ್ ಆದವರ ಹತ್ತಿರ ಒಮ್ಮೆ ಮಾತಾಡಿ" ಎನ್ನುತ್ತಾರೆ. ಡಾಕ್ಟರು ಹೇಳದೆ ಇದ್ದದ್ದನ್ನು ಇನ್ನೊಬ್ಬ ರೋಗಿ ಏನು ಹೇಳಿಯಾರು?

ಉತ್ತರ: ಮೊದಲು ಸೋರುವಿಕೆಯ ಕಾರಣ ತಿಳಿದುಕೊಳ್ಳಿ. ಪ್ರೊಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು. ಅದನ್ನು ತೆಗೆದು ಮೂತ್ರಕೋಶವನ್ನೂ ನಾಳವನ್ನೂ ನೇರವಾಗಿ ಸೇರಿಸಿ ಹೊಲಿಯುತ್ತಾರೆ. ಮೂತ್ರ ತಡೆಯಲು ಮೊದಲು ಎರಡು ಕಡೆ ಬಿಗಿತವಿತ್ತು. ಈಗ ಮೇಲಿನದು ಬಹುಪಾಲು ಹೋಗಿ, ಕೆಳಗಿನ ಸ್ನಾಯುವೊಂದೇ ಪೂರ್ತಿ ಹೊರೆ ಹೊರಬೇಕಾಗಿದೆ. ಅದು ಗಟ್ಟಿಯಾಗಲು ಸಮಯ ಬೇಕು. ಎರಡನೇ ತಿಂಗಳಲ್ಲಿ ಸೋರುವುದು ಆಪರೇಷನ್ ಕೆಟ್ಟಿತು ಎಂಬುದರ ಲಕ್ಷಣವಲ್ಲ. ಹೆಚ್ಚಿನವರಿಗೆ ಮೂರು ತಿಂಗಳಿಂದ ಒಂದು ವರ್ಷದೊಳಗೆ ಹತೋಟಿ ಬರುತ್ತದೆ. ಬರದೆ ಹೋದವರಿಗೂ ಚಿಕಿತ್ಸೆ ಇದೆ.

ಆ ಕೆಳಗಿನ ಸ್ನಾಯುವನ್ನು ಗಟ್ಟಿ ಮಾಡುವ ಕೆಗೆಲ್ ವ್ಯಾಯಾಮ ಬಿಡಬೇಡಿ. ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ತಡೆಹಿಡಿಯುತ್ತೇವಲ್ಲ, ಆಗ ಬಿಗಿಯುವ ಸ್ನಾಯುವೇ ಅದು. ಹೊಟ್ಟೆ, ತೊಡೆ ಬಿಗಿಯದೆ, ಉಸಿರು ಕಟ್ಟದೆ ಐದರಿಂದ ಹತ್ತು ಸೆಕೆಂಡ್ ಹಿಡಿಯಿರಿ, ಅಷ್ಟೇ ಹೊತ್ತು ಸಡಿಲ ಬಿಡಿ. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು. ಕೆಮ್ಮುವ ಮುಂಚೆ, ಕುರ್ಚಿಯಿಂದ ಏಳುವ ಮುಂಚೆ ಒಮ್ಮೆ ಬಿಗಿಯಿರಿ. ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ಚಹಾ-ಕಾಫಿ ಕಡಿಮೆ ಮಾಡಿ.

ಇಷ್ಟನ್ನು ಯಾವ ಡಾಕ್ಟರಾದರೂ ಹೇಳುತ್ತಾರೆ. ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಬೆಳಿಗ್ಗೆ ಒಣಗಿರುತ್ತದೆ, ಸಂಜೆಯಾದಂತೆ ಸೋರುವುದು ಜಾಸ್ತಿ. ದಿನವಿಡೀ ದುಡಿದು ದಣಿದ ಸ್ನಾಯು ಸಂಜೆಗೆ ಸೋಲುತ್ತದೆ. ಇದು ತಿಳಿಯದವರು ದಿನಾ ಸಂಜೆ "ಮತ್ತೆ ಹಾಳಾಯಿತು" ಎಂದು ಕುಗ್ಗುತ್ತಾರೆ. ಅನುಭವಿಸಿದವರು "ನನಗೂ ಹಾಗೇ ಇತ್ತು, ಮೊದಲು ರಾತ್ರಿ ನಿಂತಿತು, ಆಮೇಲೆ ಬೆಳಗಿನ ಹೊತ್ತು, ಸಂಜೆಯದು ಕೊನೆಗೆ" ಎನ್ನುತ್ತಾರೆ. ಆ ಒಂದು ಮಾತಿಗೆ ಎಷ್ಟೋ ದಿನದ ದಿಗಿಲು ಇಳಿಯುತ್ತದೆ. ಪ್ರಯಾಣದ್ದೂ ಹಾಗೆಯೇ. ನಮ್ಮ ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ. ಪರೇಲಿನ ಆಸ್ಪತ್ರೆಗೆ ತಪಾಸಣೆಗೆ ಹೋಗುವಾಗ ಎಲ್ಲಿ ಇಳಿದು ಹೋಗಬಹುದು, ಗಾಢ ಬಣ್ಣದ ಪ್ಯಾಂಟು, ಚೀಲದಲ್ಲಿ ಎರಡು ಪ್ಯಾಡು, ಬಳಸಿದ್ದನ್ನು ಕಟ್ಟಿಡಲು ಒಂದು ಕವರು ಎಂಬುದನ್ನೆಲ್ಲ ಅದನ್ನು ಮಾಡಿದವರೇ ಚೆನ್ನಾಗಿ ಹೇಳಬಲ್ಲರು. ಅಂಗವಿಕಲರ ಡಬ್ಬಿ ಕ್ಯಾನ್ಸರ್ ರೋಗಿಗಳಿಗೂ ಮೀಸಲು ಎಂಬುದು ನಿಮಗೆ ಗೊತ್ತಿತ್ತೇ? ಆಸ್ಪತ್ರೆಯ ಪತ್ರ ಜೊತೆಗಿಟ್ಟುಕೊಂಡು ಅದರಲ್ಲೇ ಹೋಗಿ.

ಇದು ಬರೀ ಸಮಾಧಾನದ ಮಾತಲ್ಲ. ಪ್ರೊಸ್ಟೇಟ್ ತೆಗೆಸಿಕೊಂಡವರನ್ನು, ಅದೇ ಆಪರೇಷನ್ ಮೊದಲೇ ಆದ ಒಬ್ಬೊಬ್ಬರ ಜೊತೆ ಎಂಟು ವಾರ ಭೇಟಿ ಮಾಡಿಸಿದ ಅಮೆರಿಕದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರು ಕೆಲವೇ ಮಂದಿ. ಆದರೂ ಹಾಗೆ ಭೇಟಿಯಾದವರಲ್ಲಿ ಖಿನ್ನತೆ ಕಡಿಮೆ ಕಂಡಿತು, ತನ್ನ ಕೈಲಾಗುತ್ತದೆ ಎಂಬ ಧೈರ್ಯ ಹೆಚ್ಚಿತು. ನಿಮ್ಮ ಸರ್ಜನ್ ಹೇಳಿದ್ದು ಸರಿಯಾಗಿದೆ. ಮಾತಾಡಿ.

ಪ್ರಶ್ನೆ: ನಾನು ಮಲಾಡ್ ಪಶ್ಚಿಮದವನು. ಇಂಥವರು ಎಲ್ಲಿ ಸಿಗುತ್ತಾರೆ? ನಮ್ಮ ಜನರ ಹತ್ತಿರ ಬಾಯಿಬಿಟ್ಟರೆ ನಾಳೆ ಊರಿಗೂ ಸುದ್ದಿ ಮುಟ್ಟುತ್ತದೆ. ಮಗಳಿಗೆ ಸಂಬಂಧ ನೋಡುತ್ತಿದ್ದೇವೆ.

ಉತ್ತರ: ಮೊದಲ ದಾರಿ ನಿಮ್ಮ ಸರ್ಜನ್ ಅಥವಾ ವಾರ್ಡಿನ ನರ್ಸ್. "ನನ್ನ ವಯಸ್ಸಿನವರು, ಆಪರೇಷನ್ ಆಗಿ ಒಂದೆರಡು ವರ್ಷ ಕಳೆದವರು, ಮಾತಾಡಲು ಒಪ್ಪುವವರು ಇದ್ದಾರೆಯೇ?" ಎಂದು ಕೇಳಿ. ಅವರು ಆ ವ್ಯಕ್ತಿಯ ಒಪ್ಪಿಗೆ ಪಡೆದೇ ನಂಬರ್ ಕೊಡುತ್ತಾರೆ. ಕನ್ನಡವೋ ತುಳುವೋ ಮಾತಾಡುವವರೇ ಬೇಕು ಎಂದರೆ ಅದನ್ನೂ ಹೇಳಿ. ಸಂಕೋಚದ ವಿಷಯವನ್ನು ಹಿಂದಿಯಲ್ಲಿ ಹೇಳುವುದಕ್ಕಿಂತ ಮನೆಮಾತಿನಲ್ಲಿ ಹೇಳುವುದು ಹಗುರ.

ಎರಡನೆಯದು, ಮುಂಬಯಿಯ ಸಂಸ್ಥೆಗಳು. 1941ರಲ್ಲಿ ಆರಂಭವಾದ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸುತ್ತ ಇಂಥ ನೆರವಿನ ದೊಡ್ಡ ಪರಂಪರೆಯೇ ಬೆಳೆದಿದೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿ 1951ರಲ್ಲಿ, ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ 1969ರಲ್ಲಿ ಶುರುವಾದವು. ಸ್ವತಃ ಕ್ಯಾನ್ಸರ್ ಗೆದ್ದ ವಂದನಾ ಗುಪ್ತಾ ಅವರು 1994ರಲ್ಲಿ ವಿ ಕೇರ್ ಫೌಂಡೇಶನ್ ಕಟ್ಟಿದರು. ಅಲ್ಲಿನ ಸ್ವಯಂಸೇವಕರಲ್ಲಿ ಎಷ್ಟೋ ಮಂದಿ ಈ ರೋಗವನ್ನು ತಾವೇ ಅನುಭವಿಸಿದವರು. ಈ ಸಂಸ್ಥೆಗಳಲ್ಲಿ ಯಾವುದಕ್ಕಾದರೂ ಫೋನು ಮಾಡಿ, ಪ್ರೊಸ್ಟೇಟ್ ಆಪರೇಷನ್ ಆದ ಗಂಡಸರೊಬ್ಬರ ಜೊತೆ ಮಾತಾಡಬೇಕು ಎಂದು ಸ್ಪಷ್ಟವಾಗಿ ಕೇಳಿ.

ಗುಟ್ಟು ಉಳಿಯಬೇಕಾದರೆ ಮಲಾಡ್ ಬಿಟ್ಟು ವಸಾಯಿಯವರನ್ನೋ ಡೊಂಬಿವಲಿಯವರನ್ನೋ ಆರಿಸಿಕೊಳ್ಳಿ. ಫೋನಿನಲ್ಲೇ ಮಾತಾಡಿದರೂ ಸಾಕು. ಹೆಸರು ಹೇಳಲೇಬೇಕೆಂದಿಲ್ಲ.

ಮಗಳ ಸಂಬಂಧದ ಬಗ್ಗೆ ಹೇಳುವುದಾದರೆ, ಈ ರೋಗ ಅಂಟುವುದಿಲ್ಲ. ಪ್ರೊಸ್ಟೇಟ್ ಕ್ಯಾನ್ಸರ್ ಮುಂಬಯಿಯಂಥ ಮಹಾನಗರಗಳ ಗಂಡಸರಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾನ್ಸರುಗಳಲ್ಲಿ ಒಂದು, ನಿಮ್ಮ ಮನೆಯ ಕಳಂಕವಲ್ಲ. ಆದರೆ ಒಡಹುಟ್ಟಿದವರಿಗೆ, ಗಂಡುಮಕ್ಕಳಿಗೆ ಹೇಳಲೇಬೇಕು. ತಂದೆಗೋ ಅಣ್ಣನಿಗೋ ಬಂದಿದ್ದರೆ ಉಳಿದವರಿಗೆ ಅಪಾಯ ಹೆಚ್ಚು. ಅವರು 45ರ ಸುಮಾರಿಗೆ ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಬಗ್ಗೆ ಡಾಕ್ಟರ ಜೊತೆ ಮಾತಾಡಬೇಕು. ಕುಟುಂಬದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಕೂಡ ಇದ್ದರೆ ಅದನ್ನೂ ನಿಮ್ಮ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಆಪರೇಷನ್ ಆಗಿ ಐದು ತಿಂಗಳಾಯಿತು. ರಿಪೋರ್ಟ್ ಚೆನ್ನಾಗಿದೆ. ಆದರೆ ಅವರು ಬೇರೆಯೇ ಮನುಷ್ಯ ಆಗಿದ್ದಾರೆ. ಹಾಲ್‌ನಲ್ಲಿ ಒಬ್ಬರೇ ಮಲಗುತ್ತಾರೆ, ಕೇಳಿದರೆ ಸಿಡುಕುತ್ತಾರೆ. ನಾನೇನಾದರೂ ತಪ್ಪು ಮಾಡಿದೆನೇ?

ಉತ್ತರ: ಇಲ್ಲ ತಾಯಿ, ನಿಮ್ಮ ತಪ್ಪೇನೂ ಇಲ್ಲ. ಲೈಂಗಿಕ ಶಕ್ತಿ ಹೋಯಿತು ಎಂಬ ನೋವು ಅವರನ್ನು ಒಳಗೇ ತಿನ್ನುತ್ತಿರಬಹುದು. ಹಾಸಿಗೆ ಒದ್ದೆಯಾದೀತು ಎಂಬ ಅಳುಕೂ ಇರಬಹುದು. ಎರಡನ್ನೂ ಬಾಯಿಬಿಟ್ಟು ಹೇಳುವುದು ನಮ್ಮ ಗಂಡಸರಿಗೆ ಬಹಳ ಕಷ್ಟ.

ಲಿಂಗದ ಉದ್ರೇಕಕ್ಕೆ ಬೇಕಾದ ನರಗಳು ಪ್ರೊಸ್ಟೇಟಿನ ಎರಡೂ ಬದಿಗೆ ಅಂಟಿಕೊಂಡೇ ಹೋಗುತ್ತವೆ. ಅವನ್ನು ಉಳಿಸಿ ಆಪರೇಷನ್ ಮಾಡುವ ಕ್ರಮವನ್ನು 1982ರಲ್ಲಿ ಅಮೆರಿಕದ ಡಾ. ಪ್ಯಾಟ್ರಿಕ್ ವಾಲ್ಶ್ ತೋರಿಸಿಕೊಟ್ಟರು. ಕ್ಯಾನ್ಸರ್ ನರದ ಹತ್ತಿರ ಹರಡಿದ್ದರೆ ಉಳಿಸಲಾಗುವುದಿಲ್ಲ. ಉಳಿಸಿದರೂ ಅವು ಚೇತರಿಸಿಕೊಳ್ಳಲು ಒಂದೂವರೆ ಎರಡು ವರ್ಷ ಹಿಡಿಯಬಹುದು. ವೀರ್ಯ ಬರುವುದಿಲ್ಲ, ಆದರೆ ಸುಖದ ಅನುಭವ ಉಳಿಯುತ್ತದೆ. ಮಾತ್ರೆ, ಪಂಪು, ಇಂಜೆಕ್ಷನ್ ಹೀಗೆ ಹಲವು ಉಪಾಯಗಳಿವೆ. ಒಂದು ಎಚ್ಚರಿಕೆ: ಎದೆನೋವಿಗೆ ಸಾರ್ಬಿಟ್ರೇಟ್ ಅಥವಾ ಆ ಜಾತಿಯ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಉದ್ರೇಕಕ್ಕೆ ಕೊಡುವ ಸಿಲ್ಡೆನಾಫಿಲ್‌ನಂಥ ಮಾತ್ರೆ ಮುಟ್ಟಲೇಬಾರದು. ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಅಪಾಯವಾಗುತ್ತದೆ. ಮೆಡಿಕಲ್ ಸ್ಟೋರಿನವರನ್ನು ಕೇಳಿ ತಾವಾಗಿಯೇ ನುಂಗುವುದು ಬೇಡ.

ನೀವು ಮಾಡಬಹುದಾದದ್ದು: ರಬ್ಬರ್ ಶೀಟಿನ ಮೇಲೆ ಒಂದು ದಪ್ಪ ಚಾದರ ಹಾಸಿ, "ಒದ್ದೆಯಾದರೆ ಬದಲಿಸಿದರಾಯಿತು, ಒಳಗೆ ಬಂದು ಮಲಗಿ" ಎನ್ನಿ. ಮುಂದಿನ ತಪಾಸಣೆಗೆ ಜೊತೆಯಲ್ಲಿ ಹೋಗಿ. ಇದನ್ನು ದಾಟಿದ ಗಂಡಸರ ಹತ್ತಿರ ಅವರು ಮಾತಾಡುವಂತಾದರೆ, ನಿಮಗೆ ಹೇಳಲಾಗದ್ದನ್ನು ಅಲ್ಲಿ ಹೇಳಿಕೊಂಡಾರು. ಅದಕ್ಕೆ ಬೇಸರಪಡಬೇಡಿ. ನಿಮಗೂ ಹೇಳಿಕೊಳ್ಳಲು ಒಬ್ಬರು ಬೇಕು. ಅಂಥ ರೋಗಿಯ ಹೆಂಡತಿಯೊಬ್ಬರ ಪರಿಚಯ ಮಾಡಿಸಿ ಎಂದು ಅದೇ ಸಂಸ್ಥೆಗಳನ್ನು ಕೇಳಿ.

ಎರಡು ವಾರಕ್ಕೂ ಮಿಕ್ಕಿ ನಿದ್ದೆ, ಹಸಿವು, ಉತ್ಸಾಹ ಇಲ್ಲದೆ ಹೋದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ಗೆಳೆಯನ ಮಾತಷ್ಟೇ ಸಾಲದು, ಮನೋವೈದ್ಯರನ್ನು ಕಾಣಬೇಕು. ಬದುಕಿ ಏನು ಪ್ರಯೋಜನ ಎಂಬ ಮಾತು ಬಾಯಲ್ಲಿ ಬಂದರೆ ಒಂದು ದಿನವೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ 14416 ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ.

ಪ್ರಶ್ನೆ: ತಪಾಸಣೆಯ ಸಾಲಿನಲ್ಲಿ ಪರಿಚಯವಾದವರೊಬ್ಬರ ಪಿಎಸ್‌ಎ 0.01. ನನ್ನದು 0.04. "ನಿಮಗೆ ರೇಡಿಯೇಷನ್ ಬೇಕಾಗುತ್ತದೆ" ಎಂದು ಅವರೇ ಹೆದರಿಸಿದರು. ಒಂದು ಚೂರ್ಣ ತಂದುಕೊಟ್ಟು, ಉಳಿದ ಮಾತ್ರೆ ನಿಲ್ಲಿಸಿ ಎಂದೂ ಹೇಳಿದರು.

ಉತ್ತರ: ಚೂರ್ಣವನ್ನು ಪಕ್ಕಕ್ಕಿಡಿ, ಮಾತ್ರೆ ಮುಂದುವರಿಸಿ. ಪ್ರೊಸ್ಟೇಟ್ ತೆಗೆದ ಆರರಿಂದ ಎಂಟು ವಾರಕ್ಕೆ ಮೊದಲ ಪಿಎಸ್‌ಎ ಮಾಡಿಸುತ್ತಾರೆ. ಅದು ಸಾಮಾನ್ಯವಾಗಿ 0.1ಕ್ಕಿಂತ ಕಡಿಮೆ ಇರಬೇಕು. ಮುಂದೆ ಅದು 0.2 ಅಥವಾ ಹೆಚ್ಚಾಗಿ, ಮತ್ತೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ರೋಗ ಮರಳಿರಬಹುದು ಎಂದು ಡಾಕ್ಟರು ಯೋಚಿಸುತ್ತಾರೆ. 0.01, 0.04ರ ನಡುವಿನ ವ್ಯತ್ಯಾಸ ಬೇರೆ ಲ್ಯಾಬು, ಬೇರೆ ಯಂತ್ರದಿಂದಲೂ ಬರುತ್ತದೆ. ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ, ನಿಮ್ಮ ಸಂಖ್ಯೆಯನ್ನು ನಿಮ್ಮದೇ ಹಿಂದಿನ ಸಂಖ್ಯೆಯ ಜೊತೆ ಹೋಲಿಸಿ. ರೇಡಿಯೇಷನ್ ಬೇಕೇ ಎಂಬುದನ್ನು ಗ್ಲೀಸನ್ ಅಂಕ (ಗಡ್ಡೆಯ ಉಗ್ರತೆಯ ಅಳತೆ), ಕತ್ತರಿಸಿದ ಅಂಚಿನ ವರದಿ, ಪಿಎಸ್‌ಎ ಏರುವ ವೇಗ ಎಲ್ಲ ನೋಡಿ ತೀರ್ಮಾನಿಸುತ್ತಾರೆ.

ಪ್ಯಾಡು, ಪ್ರಯಾಣ, ನಿದ್ದೆ, ನಾಚಿಕೆ, ಭಯ ಇವುಗಳ ಬಗ್ಗೆ ಅನುಭವಿಗಳ ಮಾತು ಕೇಳಿ. ಔಷಧಿ, ಪರೀಕ್ಷೆ, ಚಿಕಿತ್ಸೆಯ ಮಾತು ಬಂದಾಗ ಡಾಕ್ಟರನ್ನೇ ಕೇಳಿ. ಮೂತ್ರ ಕಟ್ಟಿಕೊಂಡರೆ, ಮೂತ್ರದಲ್ಲಿ ರಕ್ತದ ಹೆಪ್ಪು ಬಂದರೆ, ಚಳಿಜ್ವರ ಬಂದರೆ, ಒಂದು ಮೀನಖಂಡ ಊದಿ ನೋವಾದರೆ, ಎದೆನೋವು ಅಥವಾ ಏದುಸಿರು ಬಂದರೆ ಯಾರ ಸಲಹೆಗೂ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ ಆಪರೇಷನ್ ಆಗಿ ನಾಲ್ಕು ವರ್ಷ. ಈಗ ಚೆನ್ನಾಗಿದ್ದೇನೆ. ನಮ್ಮವರಿಗೆ ಸಹಾಯ ಮಾಡಬೇಕೆಂದಿದೆ. ಹೇಗೆ ಶುರು ಮಾಡಲಿ?

ಉತ್ತರ: ನಿಮ್ಮಂಥವರೇ ಈಗ ಬೇಕಾಗಿರುವುದು. ಸ್ತನ ಕ್ಯಾನ್ಸರ್ ಆದ ಹೆಂಗಸರು ಈ ಕೆಲಸವನ್ನು ಬಹಳ ಹಿಂದೆಯೇ ಶುರು ಮಾಡಿದರು. ಟೆರೀಸ್ ಲ್ಯಾಸರ್ ಎಂಬ ಮಹಿಳೆ 1952ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ರೀಚ್ ಟು ರಿಕವರಿ ಇಂದು ಹಲವು ದೇಶಗಳಲ್ಲಿದೆ. ಗಂಡಸರು ತಡ ಮಾಡಿದರು. ಅಲ್ಲಿನ ಪ್ರೊಸ್ಟೇಟ್ ರೋಗಿಗಳು ಅಸ್ ಟೂ ಎಂಬ ಗುಂಪು ಕಟ್ಟಿದ್ದು 1990ರಲ್ಲಿ. ಮುಂಬಯಿ ಕನ್ನಡಿಗರಿಗೆ ಸಂಘ ಕಟ್ಟುವುದು ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಊರುಬಿಟ್ಟು ಬಂದವರು ಅನ್ನ, ಓದು, ಕೆಲಸಕ್ಕೆ ಒಬ್ಬರಿಗೊಬ್ಬರು ಆದ ನಗರ ಇದು. ಈ ಕಾಯಿಲೆಗೂ ಹಾಗೆಯೇ ಆಗಬಹುದು.

ಮೊದಲು ನಿಮ್ಮ ಸರ್ಜನ್ನಿಗೆ ಹೆಸರು ಕೊಡಿ, ಯಾವುದಾದರೂ ಸಂಸ್ಥೆಯಲ್ಲಿ ತರಬೇತಿ ಪಡೆಯಿರಿ. ಒಬ್ಬರಿಂದ ಶುರು ಮಾಡಿ. ನಾಲ್ಕೈದು ಮಂದಿಯಾದ ಮೇಲೆ ಮಲಾಡಿನಲ್ಲೇ ಸಂಘದ ಕೋಣೆಯೊಂದನ್ನು ತಿಂಗಳಿಗೊಂದು ಭಾನುವಾರ ಕೇಳಿ. ಶೌಚಾಲಯ ಹತ್ತಿರವಿರಬೇಕು, ಮಹಡಿ ಹತ್ತುವಂತಿರಬಾರದು. ಆಗಾಗ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿ.

ಕೆಲವು ನಿಯಮ ಮೊದಲೇ ಹೇಳಿಬಿಡಿ. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಔಷಧಿ ಸೂಚಿಸಬಾರದು, ಏನನ್ನೂ ಮಾರಬಾರದು. "ಏನೂ ಆಗುವುದಿಲ್ಲ, ಧೈರ್ಯವಾಗಿರಿ" ಎಂದು ಬಾಯಿ ಮುಚ್ಚಿಸಬಾರದು, ಅವರ ಮಾತು ಮುಗಿಯುವವರೆಗೆ ಕೇಳಬೇಕು. ನಿಮಗೆ ಮೂರು ತಿಂಗಳಲ್ಲಿ ಸೋರುವುದು ನಿಂತಿದ್ದರೆ ಅದನ್ನೇ ಅಳತೆಗೋಲು ಮಾಡಬೇಡಿ. ಜೀವ ಕಳೆದುಕೊಳ್ಳುವ ಮಾತು ಯಾರಾದರೂ ಆಡಿದರೆ ಗುಟ್ಟಿನ ನಿಯಮ ಅಲ್ಲಿಗೆ ಮುಗಿಯಿತು, ಮನೆಯವರಿಗೂ ಡಾಕ್ಟರಿಗೂ ತಿಳಿಸಬೇಕು.

ಗುಂಪಿನಲ್ಲಿ ಕೆಲವರಿಗೆ ರೋಗ ಮರಳಿ ಬರುತ್ತದೆ. ಆಗ ಉಳಿದವರು ಹೆದರಿ ದೂರ ಸರಿಯುವುದುಂಟು, ಆ ರೋಗಿಯೂ "ನಿಮ್ಮ ಧೈರ್ಯ ಕೆಡಿಸುವುದು ಬೇಡ" ಎಂದು ಬರುವುದನ್ನು ನಿಲ್ಲಿಸುತ್ತಾರೆ. ಹಾಗಾಗಲು ಬಿಡಬೇಡಿ. ಮನೆಗೆ ಹೋಗಿ, ಇಂಜೆಕ್ಷನ್ ಅಥವಾ ರೇಡಿಯೇಷನ್ನಿನ ದಿನ ಜೊತೆಗೆ ಹೋಗಿ. ಈ ಕೆಲಸ ನಿಮ್ಮ ಮನಸ್ಸಿಗೂ ಭಾರವಾಗುತ್ತದೆ, ಆಗ ಒಂದೆರಡು ತಿಂಗಳು ಬಿಡುವು ತೆಗೆದುಕೊಳ್ಳಿ. ನಿಮ್ಮ ಪಿಎಸ್‌ಎ ತಪಾಸಣೆ ಮಾತ್ರ ತಪ್ಪಿಸಬೇಡಿ. ಚೆನ್ನಾಗಿರುವವರ ಜೊತೆಗೆ ರೋಗ ಮರಳಿದವರಿಗೂ ಜಾಗವಿರುವ ಗುಂಪು ಮಲಾಡಿನಲ್ಲಿ ಒಂದಾದರೂ ಆಗಲಿ. ಅದಕ್ಕೆ ಬೇಕಾದ ವೈದ್ಯಕೀಯ ನೆರವು ಕೊಡಿ ಎಂದು ನಿಮ್ಮ ಡಾಕ್ಟರನ್ನು ಹಕ್ಕಿನಿಂದ ಕೇಳಿ. ಅದನ್ನು ಕೊಡುವುದು ವೈದ್ಯರಾದ ನಮ್ಮ ಕರ್ತವ್ಯ.